ವಿಡಿಯೊ ಆಟಗಳಲ್ಲಿ ಗೀತದ ಪ್ರಯೋಜನ

ನಾಟ್ಯದಲ್ಲಿ ಗೀತಕ್ಕೆ ಸ್ಥಾನವೇತಕ್ಕೆಂಬ ಪ್ರಶ್ನೆಯನ್ನು ನಮ್ಮ ಲಾಕ್ಷಣಿಕರು ಎತ್ತಿ, ವಿಚಾರಿಸಿ, ಬಗೆಹರಿಸಿ ಸಾವಿರ ವರ್ಷಗಳಿಗೂ ಮೇಲಾದುವು. ಭರತಮುನಿಯು ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ಹಲವು ಅಧ್ಯಾಯಗಳನ್ನು ಗೀತವಾದ್ಯಗಳಿಗೇ ಮೀಸಲಾಗಿಟ್ಟಿರುವನು. ಅವನ ವ್ಯಾಖ್ಯಾತೃವಾದ ಅಭಿನವಗುಪ್ತನು ಗೀತವಿಲ್ಲದೆ ರಸಪ್ರತೀತಿಗೆ ಬರುವ ಒಂದು ವಿಘ್ನವನ್ನು ಎಣಿಸಿ ತೋರಿಸಿರುವನು. ಆದರೆ ಆ ವಿಚಾರವೆಲ್ಲವೂ ರಂಗದ ಮೇಲೆ ನಟನೂ ರಂಗದ ಕೆಳಗೆ ಪ್ರೇಕ್ಷಕನೂ ಇರುವರೆಂಬ ವ್ಯವಸ್ಥೆಯನ್ನು ಆಶ್ರಯಿಸಿದುದು. ಕಳೆದ ಐವತ್ತು ವರ್ಷಗಳಲ್ಲಿ ಹುಟ್ಟಿ ಬೆಳೆದು ಲೋಕವನ್ನೆಲ್ಲ ವ್ಯಾಪಿಸಿರುವ ವಿಡಿಯೊ ಆಟಗಳಲ್ಲಿ ಈ ವ್ಯವಸ್ಥೆಯೇ ತಲೆಕೆಳಗಾಗಿರುತ್ತದೆ. ಅಲ್ಲಿ ನೋಡುವವನೇ ಆಡುವವನು. ತೆರೆಯ ಮೇಲೆ ನಡೆಯುವ ನಾಯಕನನ್ನು ನಡೆಯಿಸುವುದು ಅವನದೇ ಬೆರಳು. ನಾಯಕನು ಬಿದ್ದರೆ ಸೋತವನು ಅವನೇ. ಇಂತಹ ಆಟದಲ್ಲಿ ಹಿಂದಿನಿಂದ ಕೇಳಿಬರುವ ಗೀತವು ಕಿವಿಗೆ ಇಂಪಾಗಲೆಂದು ಸೇರಿಸಿದ ಒಡವೆಯೋ, ಅಥವಾ ಅರ್ಥವೊಂದನ್ನು ಹೊತ್ತು ತರುವ ಅಂಗವೋ ಎಂಬುದು ವಿಚಾರಾರ್ಹವಾಗಿದೆ. ಇದು ಮಕ್ಕಳ ಆಟದ ಮಾತೆಂದು ವಿದ್ವಾಂಸರು ಕೈಬಿಡತಕ್ಕುದಲ್ಲ. ರಸವು ಯಾರಲ್ಲಿ ಹುಟ್ಟುತ್ತದೆಯೆಂಬ ಹಳೆಯ ವಾದಕ್ಕೆ ಇಲ್ಲಿ ಹೊಸದೊಂದು ನಿಕಷ ದೊರೆತಿದೆ.

ಮೊದಲು ವಸ್ತುಸ್ಥಿತಿಯನ್ನು ನೋಡಬಹುದು. 1978ರಲ್ಲಿ ಜಪಾನಿನ ಟೈಟೊ ಕಂಪನಿಯವರು ಹೊರತಂದ ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟವು ತೊಮೊಹಿರೊ ನಿಶಿಕಾದೊ ಎಂಬಾತನ ಕೃತಿ. ಅದರಲ್ಲಿ ಹನ್ನೊಂದು ಹನ್ನೊಂದರಂತೆ ಐದು ಸಾಲುಗಳಲ್ಲಿ ನಿಂತ 55 ಶತ್ರುಗಳು ಮೇಲಿನಿಂದ ಇಳಿದುಬರುವುವು. ಕೆಳಗಿರುವ ಆಟಗಾರನು ಅವುಗಳನ್ನು ಒಂದೊಂದಾಗಿ ಹೊಡೆದುರುಳಿಸಬೇಕು. ಇದಕ್ಕೆ ಗೀತವೆಂದರೆ ಮೇಲಿನಿಂದ ಕೆಳಕ್ಕೆ ಇಳಿಯುವ ನಾಲ್ಕೇ ಸ್ವರಗಳು. ಅವು ಎಡೆಬಿಡದೆ ಮತ್ತೆ ಮತ್ತೆ ಬರುತ್ತವೆ. ಶತ್ರುಗಳ ಸಂಖ್ಯೆ ಕಡಮೆಯಾದಂತೆಲ್ಲ ಉಳಿದವುಗಳ ನಡೆ ಚುರುಕಾಗುತ್ತದೆ, ಅದರೊಡನೆ ಸ್ವರಗಳ ಲಯವೂ ವಿಲಂಬಿತದಿಂದ ಮಧ್ಯಕ್ಕೆ, ಮಧ್ಯದಿಂದ ದ್ರುತಕ್ಕೆ ಏರುತ್ತದೆ. ಶತ್ರುಗಳ ನಡೆ ಚುರುಕಾಗುವುದಕ್ಕೆ ಮೂಲಕಾರಣವು ಯಂತ್ರದ ಬಡತನ: ಐವತ್ತೈದು ಚಿತ್ರಗಳನ್ನು ಚಲಿಸುವಂತೆ ಮಾಡಲು ತಿಣುಕುತ್ತಿದ್ದ ಯಂತ್ರವು ಹತ್ತೇ ಉಳಿದಾಗ ಹಗುರಾಗಿ ಓಡುತ್ತಿತ್ತು. ನಿಶಿಕಾದೊ ಈ ದೋಷವನ್ನು ತಿದ್ದದೆ ಗುಣವನ್ನಾಗಿ ಇಟ್ಟುಕೊಂಡನು. ಎದೆಬಡಿತದಂತಿರುವ ಆ ನಾಲ್ಕು ಸ್ವರಗಳಲ್ಲಿ ರಾಗವಿಲ್ಲ, ಭಾವವಿಲ್ಲ. ಆದರೂ ಅವುಗಳಿಗೆ ಅರ್ಥವುಂಟು. ಅಪಾಯವು ಎಷ್ಟು ಸಮೀಪಕ್ಕೆ ಬಂದಿದೆಯೆಂಬುದನ್ನು ಕಣ್ಣಿಗಿಂತ ಮೊದಲು ಕಿವಿಯು ತಿಳಿಯುತ್ತದೆ.

ಗೀತಕ್ಕೆ ಅರ್ಥವಿದೆಯೆಂದರೆ ಆ ಅರ್ಥವು ಯಾವ ವ್ಯಾಪಾರದಿಂದ ಬರುತ್ತದೆಯೆಂದು ಕೇಳಬೇಕಾಗುತ್ತದೆ. ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ, ವಾಚ್ಯಾರ್ಥವೇ ಇಲ್ಲದ ಗೀತಶಬ್ದಗಳೂ ರಸವನ್ನು ವ್ಯಂಜಿಸುವುದನ್ನು ಉದಾಹರಿಸಿ, ವ್ಯಂಜಕತ್ವವು ವಾಚಕತ್ವಕ್ಕಿಂತ ಬೇರೆಯೆಂದು ಸಾಧಿಸಿರುವನು. ವಿಡಿಯೊ ಆಟದ ಗೀತದಲ್ಲಿ ಈ ವ್ಯಂಜಕತ್ವವು ಇದ್ದೇ ಇದೆ. ಆದರೆ ಅದರ ಜೊತೆಗೆ ಇನ್ನೊಂದೂ ಇದೆ, ಅದು ಸಂಕೇತ. ಇಂತಹ ಸ್ವರಗುಂಪು ಕೇಳಿದರೆ ಇಂತಹುದು ಸಂಭವಿಸಿತೆಂದು ಆಟವು ಆಟಗಾರನಿಗೆ ಮೊದಲ ಕೆಲವು ನಿಮಿಷಗಳಲ್ಲಿಯೇ ಕಲಿಸಿಬಿಡುತ್ತದೆ. ಆಮೇಲೆ ಆ ಸ್ವರಗುಂಪು ಹೆಚ್ಚುಕಡಮೆ ಪದದಂತೆಯೇ ಕೆಲಸಮಾಡುತ್ತದೆ. ಈ ಎರಡನ್ನೂ ಬೆರಸಿ ನೋಡುವುದರಿಂದಲೇ ಈ ವಿಷಯದಲ್ಲಿ ಬಹಳ ಗೊಂದಲವುಂಟಾಗಿದೆ. ಸಂಕೇತದ ಗೀತವನ್ನು ಕೇಳಿ ಇದರಲ್ಲಿ ಕಲೆಯಿಲ್ಲವೆನ್ನುವವರೂ, ಭಾವದ ಗೀತವನ್ನು ಕೇಳಿ ಇದಕ್ಕೆ ಆಟದೊಡನೆ ಸಂಬಂಧವೇನೆನ್ನುವವರೂ, ಇಬ್ಬರೂ ಅರ್ಧವನ್ನೇ ನೋಡಿದವರು.

ಎರಡೂ ಒಂದೇ ಕಡೆ ಸೇರಿರುವುದಕ್ಕೆ 1985ರಲ್ಲಿ ನಿಂಟೆಂಡೊ ಕಂಪನಿಯವರು ಪ್ರಕಟಿಸಿದ ‘ಸೂಪರ್ ಮಾರಿಯೊ ಬ್ರದರ್ಸ್’ ಒಳ್ಳೆಯ ನಿದರ್ಶನ. ಇದರ ಗೀತಕಾರನು ಕೋಜಿ ಕೊಂಡೊ. ಅವನಿಗೆ ದೊರೆತಿದ್ದ ಯಂತ್ರದಲ್ಲಿ ಏಕಕಾಲಕ್ಕೆ ಹೊರಡಬಲ್ಲ ಸ್ವರಮಾರ್ಗಗಳು ಐದೇ. ಅವುಗಳಲ್ಲಿಯೂ ರಾಗವನ್ನು ನುಡಿಸಲು ಯೋಗ್ಯವಾದವು ಮೂರು, ಒಂದು ಬರಿಯ ಸದ್ದಿನದು, ಇನ್ನೊಂದು ಮುದ್ರಿತ ಶಬ್ದದ ತುಣುಕುಗಳದು. ನಾಯಕನು ನೆಗೆದಾಗ ಆಗುವ ಶಬ್ದಕ್ಕೂ ಇವುಗಳಲ್ಲಿಯೇ ಒಂದು ಕ್ಷಣಕಾಲ ದಾರಿ ಬಿಟ್ಟುಕೊಡಬೇಕು. ಇಷ್ಟು ಕಿರಿದಾದ ಕಟ್ಟಿನೊಳಗೆ ಕೊಂಡೊ ಬಯಲಿಗೊಂದು, ನೆಲಮಾಳಿಗೆಗೊಂದು, ನೀರಿನೊಳಗಿಗೊಂದು, ಕೋಟೆಗೊಂದು ಗೀತವನ್ನು ರಚಿಸಿದನು. ಬಯಲಿನದು ಕುಣಿಯುವ ನಡೆ. ನೆಲಮಾಳಿಗೆಯದು ತಗ್ಗಿನ ಸ್ವರಗಳು, ನಡುನಡುವೆ ಮೌನ. ನೀರಿನದು ಮೂರೆಣಿಕೆಯ ತೂಗುವ ಲಯ. ಈಜುವ ದೇಹದ ತೇಲುವಿಕೆಯನ್ನು ಲಯದಿಂದಲೇ ತಿಳಿಸಿದುದು ಈತನ ಜಾಣ್ಮೆ.

ಈ ಗೀತಗಳ ಕಾರ್ಯವನ್ನು ವಿಂಗಡಿಸಹೊರಟರೆ ಭರತನು ಹೇಳಿದ ಧ್ರುವಾಗಾನದ ವಿಭಾಗವು ತಾನಾಗಿಯೇ ನೆನಪಿಗೆ ಬರುತ್ತದೆ. ಪ್ರಯೋಗದ ಸಂದರ್ಭಕ್ಕನುಗುಣವಾಗಿ ಹಾಡತಕ್ಕ ಧ್ರುವೆಗಳು ಐದು. ಪಾತ್ರಪ್ರವೇಶದಲ್ಲಿ ಬರುವುದು ಪ್ರಾವೇಶಿಕೀ. ನಿಷ್ಕ್ರಮಣದಲ್ಲಿ ಬರುವುದು ನೈಷ್ಕ್ರಾಮಿಕೀ. ನಡೆಯುತ್ತಿರುವ ರಸವನ್ನು ಥಟ್ಟನೆ ಕಡಿದು ಬೇರೊಂದನ್ನು ತರುವುದು ಆಕ್ಷೇಪಿಕೀ. ಹಾಗೆ ಕಲಕಿದ ಚಿತ್ತವನ್ನು ತಿಳಿಗೊಳಿಸುವುದು ಪ್ರಾಸಾದಿಕೀ. ಪ್ರಯೋಗದಲ್ಲಿ ತೆರಪು ಬಿದ್ದಾಗ ಅದನ್ನು ಮುಚ್ಚುವುದು ಆಂತರಾ. ಈಗ ಮಾರಿಯೊ ಆಟವನ್ನು ನೋಡಿದರೆ, ನೆಲಮಾಳಿಗೆಗೆ ಇಳಿದೊಡನೆ ಹೊಮ್ಮುವ ಗೀತವು ಪ್ರಾವೇಶಿಕಿಯ ಕೆಲಸವನ್ನು ಮಾಡುತ್ತದೆ. ನಾಯಕನು ಬಿದ್ದಾಗ ಬರುವ ಪುಟ್ಟ ಸ್ವರಮಾಲೆಯು ನೈಷ್ಕ್ರಾಮಿಕಿಯ ಸ್ಥಾನದಲ್ಲಿದೆ. ನಕ್ಷತ್ರವನ್ನು ಮುಟ್ಟಿದವನು ಕೆಲವು ಕ್ಷಣ ಅಭೇದ್ಯನಾಗುವನು. ಆಗ ಬಯಲಿನ ಗೀತವು ಕಡಿದುಹೋಗಿ ವೇಗದ ಬೇರೊಂದು ಗೀತವು ನುಗ್ಗುತ್ತದೆ, ಇದೇ ಆಕ್ಷೇಪಿಕೀ. ಆ ಶಕ್ತಿಯು ಮುಗಿದು ಹಳೆಯ ಗೀತವು ಮರಳಿದಾಗ ಪ್ರಾಸಾದಿಕಿಯ ಕೆಲಸವು ನಡೆಯುತ್ತದೆ. ಆಟಕ್ಕೆ ಗೊತ್ತುಮಾಡಿದ ಕಾಲವು ಇಳಿದು ನೂರು ಮಾತ್ರ ಉಳಿದಾಗ ಎಚ್ಚರಿಕೆಯ ಸ್ವರಗಳು ಮೊಳಗಿ, ಅದೇ ಗೀತವು ಇಮ್ಮಡಿಯೆನ್ನಬಹುದಾದ ಆತುರದಿಂದ ಓಡತೊಡಗುತ್ತದೆ. ಸ್ವರಗಳು ಅವೇ; ಲಯವೊಂದೇ ಬದಲಾಯಿತು; ಅರ್ಥವು ಪೂರ್ತಿಯಾಗಿ ಬೇರೆಯಾಯಿತು. ಮುಂದಿನ ಕಾಲದ ಆಟಗಳಲ್ಲಿ, ಯಂತ್ರವು ಮುಂದಣ ದೃಶ್ಯವನ್ನು ಸಿದ್ಧಗೊಳಿಸುತ್ತಿರುವಾಗ ತೆರಪನ್ನು ತುಂಬಲು ನುಡಿಸುವ ಗೀತವನ್ನು ಆಂತರಾ ಎನ್ನಲು ಅಡ್ಡಿಯಿಲ್ಲ. ನಟನ ಉಡುಗೆ ಜಾರಿದಾಗ ಹಾಡುತ್ತಿದ್ದುದಕ್ಕೂ ಇದಕ್ಕೂ ಭೇದವು ಅಲ್ಪವೇ.

ಜಪಾನೀಯರು ನಾಟ್ಯಶಾಸ್ತ್ರವನ್ನು ಓದಿ ಇದನ್ನು ಮಾಡಿದರೆಂದು ಇದರ ತಾತ್ಪರ್ಯವಲ್ಲ. ಇಂತಹ ಸಾದೃಶ್ಯವನ್ನು ಕಂಡೊಡನೆ ಎಲ್ಲವೂ ನಮ್ಮಲ್ಲಿಯೇ ಇತ್ತೆಂದು ಹಿಗ್ಗುವುದು ಪಂಡಿತರಿಗೆ ಒಪ್ಪುವ ಮಾತಲ್ಲ. ಪ್ರಯೋಗವೆಂಬುದು ಎಲ್ಲಿದ್ದರೂ ಪ್ರವೇಶ, ನಿಷ್ಕ್ರಮಣ, ತಿರುವು, ತೆರಪು ಇವು ಇದ್ದೇ ತೀರುವುವು. ಗೀತವು ಅವುಗಳಿಗೆ ಒದಗುವುದು ಸಹಜ. ಭರತನ ಹಿರಿಮೆಯು ಅದನ್ನು ಹೆಸರಿಟ್ಟು ವಿಂಗಡಿಸಿದುದರಲ್ಲಿದೆ.

ಆದರೆ ಧ್ರುವಾವಿಭಾಗವು ಇಲ್ಲಿ ಸಾಲದೆ ಹೋಗುವ ಸ್ಥಳವೊಂದುಂಟು. ನಾಟಕದಲ್ಲಿ ಮುಂದೇನಾಗುವುದೆಂಬುದು ಗಾಯಕನಿಗೆ ಗೊತ್ತು. ಆಟದಲ್ಲಿ ಅದು ಯಾರಿಗೂ ಗೊತ್ತಿಲ್ಲ. ಆಟಗಾರನು ಬಾಗಿಲನ್ನು ಈಗಲೇ ತೆರೆಯಬಹುದು, ಗಳಿಗೆ ಕಳೆದು ತೆರೆಯಬಹುದು, ತೆರೆಯದೆಯೇ ಹಿಂದಿರುಗಬಹುದು. ಹೀಗಿರುವಲ್ಲಿ ಗೀತವನ್ನು ನಟ್ಟನಡುವೆ ಕತ್ತರಿಸಿದರೆ ಕಿವಿಗೆ ಹಿಂಸೆ. ಮುಗಿಯುವವರೆಗೆ ಕಾದರೆ ಸಂದರ್ಭವು ತಪ್ಪಿತು. ಈ ತೊಡಕನ್ನು ಬಿಡಿಸಲು ಅಮೆರಿಕೆಯ ಲ್ಯೂಕಾಸ್ ಆರ್ಟ್ಸ್ ಸಂಸ್ಥೆಯಲ್ಲಿದ್ದ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಎಂಬಿಬ್ಬರು ‘ಐಮ್ಯೂಸ್’ ಎಂಬ ವ್ಯವಸ್ಥೆಯನ್ನು ನಿರ್ಮಿಸಿದರು. 1991ರ ‘ಮಂಕಿ ಐಲೆಂಡ್’ ಎರಡನೆಯ ಆಟದಲ್ಲಿ ಅದು ಮೊದಲು ಬಳಕೆಗೆ ಬಂದಿತು. ಆ ಆಟದ ಆರಂಭದಲ್ಲಿ ಒಡೆದ ಹಡಗುಗಳಿಂದ ಕಟ್ಟಿದ ಊರೊಂದಿದೆ. ಊರಿನ ಬೀದಿಗೆ ಒಂದು ಗೀತ. ನಾಯಕನು ಯಾವ ಮನೆಯನ್ನು ಹೊಕ್ಕರೂ ಅದೇ ಗೀತವು ಆ ಮನೆಯವನ ಸ್ವಭಾವಕ್ಕೆ ತಕ್ಕಂತೆ ವಾದ್ಯವನ್ನೂ ವರ್ಣವನ್ನೂ ಬದಲಾಯಿಸಿಕೊಂಡು ಮುಂದುವರಿಯುತ್ತದೆ, ಹೊರಬಂದರೆ ಮತ್ತೆ ಬೀದಿಯ ಗೀತದಲ್ಲಿ ಸೇರಿಕೊಳ್ಳುತ್ತದೆ. ಎಲ್ಲಿಯೂ ಸೀಳು ಕಾಣಿಸದು. ಗೀತದ ಯಾವ ಯಾವ ಸ್ಥಳಗಳಲ್ಲಿ ಹೊರಳಬಹುದೆಂಬುದನ್ನು ಮೊದಲೇ ಗುರುತಿಸಿಟ್ಟು, ಆಟಗಾರನು ಹೆಜ್ಜೆಯಿಟ್ಟಾಗ ಹತ್ತಿರದ ಹೊರಳುಸ್ಥಳದಲ್ಲಿ ಸಂಧಿಸ್ವರಗಳನ್ನು ಕೂಡಿಸಿ ಮುಂದಕ್ಕೆ ಸಾಗಿಸುವುದೇ ಅದರ ಗುಟ್ಟು. ಕನ್ನಡ ವಾಚಕರಿಗೆ ಇದನ್ನು ತಿಳಿಸಲು ಯಕ್ಷಗಾನದ ಭಾಗವತರಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ವೇಷಧಾರಿಯ ಕುಣಿತವು ಮುಗಿಯದಿದ್ದರೆ ಭಾಗವತರು ಪದವನ್ನು ಎತ್ತಿ ಎತ್ತಿ ಹಾಡುವರು. ಕುಣಿತವು ಮುಗಿಯಿತೆಂದು ಕಂಡೊಡನೆ ಮುಕ್ತಾಯಕ್ಕೆ ತಿರುಗಿಸುವರು. ಭಾಗವತರ ಕಣ್ಣಿನಲ್ಲಿರುವ ಆ ವಿವೇಕದ ಒಂದಂಶವನ್ನು ಯಂತ್ರಕ್ಕೆ ಕಲಿಸಲು ಹೊರಟುದೇ ಈ ವ್ಯವಸ್ಥೆಯ ಸಾರವೆನ್ನಬಹುದು.

ಇನ್ನೊಂದು ವಿಶೇಷವು ಇದಕ್ಕಿಂತಲೂ ಮುಂದಕ್ಕೆ ಹೋದುದು. 1998ರ ‘ಒಕರೀನಾ ಆಫ್ ಟೈಮ್’ ಎಂಬ ಆಟದಲ್ಲಿ (ಇದರ ಗೀತಕಾರನೂ ಕೋಜಿ ಕೊಂಡೊ) ಗೀತವನ್ನು ನುಡಿಸುವವನು ಆಟಗಾರನೇ. ಒಕರೀನಾ ಎಂಬುದು ಕೈಯಲ್ಲಿ ಹಿಡಿದು ಊದುವ ಪುಟ್ಟ ಸುಷಿರವಾದ್ಯ. ಆಟದ ಐದು ಗುಂಡಿಗಳಿಗೆ ಐದು ಸ್ವರಗಳನ್ನು ಹಂಚಿದೆ. ಅವುಗಳಿಂದಲೇ ಹನ್ನೆರಡು ಗೀತಗಳನ್ನು ನಾಯಕನು ಒಬ್ಬೊಬ್ಬರಿಂದ ಕಲಿಯಬೇಕು. ಒಂದು ಗೀತವು ರಾತ್ರಿಯನ್ನು ಹಗಲು ಮಾಡುತ್ತದೆ. ಒಂದು ಮಳೆಯನ್ನು ತರಿಸುತ್ತದೆ. ಒಂದನ್ನು ಕೇಳಿ ಕುದುರೆಯು ಓಡಿಬರುತ್ತದೆ. ರಾಜಕುಮಾರಿಯ ಜೋಗುಳವನ್ನು ನುಡಿಸಿದವನನ್ನು ಅರಮನೆಯ ಕಡೆಯವನೆಂದು ಅರಿತು ಮುಚ್ಚಿದ ದಾರಿಗಳು ತೆರೆಯುತ್ತವೆ. ಇಲ್ಲಿ ಗೀತವು ಕ್ರಿಯೆಯನ್ನು ಹಿಂಬಾಲಿಸುವುದಿಲ್ಲ, ಗೀತವೇ ಕ್ರಿಯೆ. ಮಂತ್ರಕ್ಕೆ ಹೋಲಿಸಬಹುದಾದರೂ ಒಂದು ಭೇದವುಂಟು: ಮಂತ್ರಕ್ಕೆ ಅಕ್ಷರವು ಪ್ರಮಾಣ, ಇಲ್ಲಿ ಸ್ವರಕ್ರಮವೊಂದೇ ಪ್ರಮಾಣ. ಆಟಗಾರನು ಮೊದಲ ಕೆಲವು ಸ್ವರಗಳನ್ನು ತಪ್ಪಿಲ್ಲದೆ ನುಡಿಸಿದೊಡನೆ ಆಟವು ಉಳಿದುದನ್ನು ತಾನು ಪೂರಯಿಸುತ್ತದೆ. ಹೀಗೆ ಕಲಿತ ಗೀತವನ್ನು ಮುಂದೆ ಎಲ್ಲಿ ಕೇಳಿದರೂ ಅದು ಆಟಗಾರನಿಗೆ ತನ್ನ ಕೈಯ ನೆನಪಾಗಿ ಬರುತ್ತದೆ. ಕೇಳಿದ ಗೀತಕ್ಕೂ ನುಡಿಸಿದ ಗೀತಕ್ಕೂ ಇರುವ ಅಂತರವನ್ನು ಬಲ್ಲವರೇ ಬಲ್ಲರು. ಅದೇ ಆಟದಲ್ಲಿ ದಾರಿತಪ್ಪಿಸುವ ಕಾಡೊಂದುಂಟು. ಅಲ್ಲಿ ಸರಿಯಾದ ದಾರಿಯನ್ನು ಹೇಳುವ ಗುರುತು ಗೀತವೇ: ಯಾವ ದಿಕ್ಕಿನಲ್ಲಿ ಅದು ಗಟ್ಟಿಯಾಗಿ ಕೇಳುವುದೋ ಆ ದಿಕ್ಕು ಸರಿ. ಕಿವಿಗೊಡದವನು ಮೊದಲಿದ್ದ ಸ್ಥಳಕ್ಕೇ ಮರಳುವನು.

ಈ ಆಟದ ಮಳೆಗೀತದಲ್ಲಿ ತಾರ್ಕಿಕರಿಗೆ ವಿನೋದವನ್ನುಂಟುಮಾಡುವ ಸಂಗತಿಯೊಂದಿದೆ. ಯುವಕನಾದ ನಾಯಕನು ಅದನ್ನು ಗಾಳಿಯಂತ್ರದ ಮನೆಯಲ್ಲಿರುವ ಒಬ್ಬ ವಾದಕನಿಂದ ಕಲಿಯುವನು. ಆ ವಾದಕನಾದರೋ, ಏಳು ವರ್ಷಗಳ ಹಿಂದೆ ಒಕರೀನಾ ನುಡಿಸುತ್ತ ಬಂದ ಹುಡುಗನೊಬ್ಬನಿಂದ ತಾನದನ್ನು ಕೇಳಿದೆನೆನ್ನುವನು. ನಾಯಕನು ಕಾಲದಲ್ಲಿ ಹಿಂದಕ್ಕೆ ಹೋಗಿ, ಬಾಲಕನಾಗಿ, ಅದೇ ಮನೆಯಲ್ಲಿ ಅದೇ ಗೀತವನ್ನು ನುಡಿಸುವನು; ಆ ಹುಡುಗನು ಬೇರೆ ಯಾರೂ ಅಲ್ಲ. ಹಾಗಾದರೆ ಗೀತವನ್ನು ರಚಿಸಿದವರಾರು? ಶಿಷ್ಯನಿಗೆ ಗುರುವಿನಿಂದ, ಗುರುವಿಗೆ ಶಿಷ್ಯನಿಂದ ಬಂದ ಈ ಗೀತಕ್ಕೆ ಆಟದ ಲೋಕದಲ್ಲಿ ಕರ್ತೃವೇ ಇಲ್ಲ. ನೈಯಾಯಿಕರು ಇದನ್ನು ಅನ್ಯೋನ್ಯಾಶ್ರಯದೋಷವೆಂದು ತಳ್ಳಿಹಾಕಿಯಾರು. ಮೀಮಾಂಸಕರಿಗೆ ಮಾತ್ರ ಅಪೌರುಷೇಯವೆಂಬ ಮಾತು ಬಾಯ ತುದಿಗೆ ಬಂದೀತು.

ಇಷ್ಟು ಹೇಳಿದುದರಿಂದ ಗೀತವು ಆಟದಲ್ಲಿ ಅರ್ಥವುಳ್ಳ ಅಂಗವೆಂಬುದು ಸಿದ್ಧವಾಯಿತು. ಅದು ರಸಕ್ಕೆ ಉಪಕಾರಕವೇ ಎಂಬುದು ಉಳಿದ ಪ್ರಶ್ನೆ, ಕಷ್ಟವಾದುದೂ ಅದೇ.

ಪೂರ್ವಪಕ್ಷವು ಹೀಗಿದೆ. ರಸಾಸ್ವಾದಕ್ಕೆ ಸಾಧಾರಣೀಕರಣವು ಬೇಕು. ಭಾವವು ನನ್ನದೂ ಅಲ್ಲ, ಪರರದೂ ಅಲ್ಲ ಎಂಬ ಸ್ಥಿತಿಗೆ ಬರದ ಹೊರತು ರಸವಿಲ್ಲ. ಆಟಗಾರನಿಗಾದರೋ ಎಲ್ಲವೂ ತನ್ನದೇ: ಭಯವು ತನ್ನ ಭಯ, ಗೆಲವು ತನ್ನ ಗೆಲವು. ಆದುದರಿಂದ ಅವನಲ್ಲಿರುವುದು ಲೌಕಿಕಭಾವವೇ ಹೊರತು ರಸವಲ್ಲ. ಚೆಂಡಾಟದಲ್ಲಿ ಗೆದ್ದವನ ಹರ್ಷವನ್ನು ಯಾರೂ ವೀರರಸವೆನ್ನುವುದಿಲ್ಲ. ನಟನಂತಾದರೂ ಅವನಿಗೆ ಆಸ್ವಾದವುಂಟೆನ್ನೋಣವೆಂದರೆ, ನಟನು ಪಾತ್ರೆ ಮಾತ್ರ. ಪಾನದ ರುಚಿಯು ಪಾತ್ರೆಗೆ ತಿಳಿಯದೆಂದು ಅಭಿನವಗುಪ್ತನೇ ಹೇಳಿರುವನು.

ಈ ಪೂರ್ವಪಕ್ಷವು ದುರ್ಬಲವಾದುದಲ್ಲ. ‘ಸ್ಪೇಸ್ ಇನ್‌ವೇಡರ್ಸ್’ ಆಟದ ನಾಲ್ಕು ಸ್ವರಗಳ ವಿಷಯದಲ್ಲಿ ಇದನ್ನು ಒಪ್ಪಿಕೊಳ್ಳಲೇಬೇಕು. ಅಲ್ಲಿ ಲಯವೇರಿದಂತೆ ಏರುವುದು ಆಟಗಾರನ ಸ್ವಂತ ಗಾಬರಿ. ಅದನ್ನು ಭಯಾನಕರಸವೆಂದು ಕರೆಯುವುದು ರಸಶಬ್ದಕ್ಕೆ ಅಪಚಾರ. ಆದರೆ ಎಲ್ಲ ಆಟಗಳಿಗೂ ಇದು ಅನ್ವಯಿಸದು. ದಶರೂಪಕಕಾರನಾದ ಧನಂಜಯನು, ನಟನು ಕಾವ್ಯಾರ್ಥವನ್ನು ಭಾವಿಸುವಾಗ ಅವನಿಗೂ ಆಸ್ವಾದವನ್ನು ನಿಷೇಧಿಸತಕ್ಕುದಿಲ್ಲವೆಂದು ಬಾಗಿಲೊಂದನ್ನು ತೆರೆದಿಟ್ಟಿರುವನು. ಹಾಗೆ ಭಾವಿಸುವಾಗ ನಟನು ತನ್ನ ಕ್ರಿಯೆಗೆ ತಾನೇ ಪ್ರೇಕ್ಷಕನಾಗುವನೆಂದಾಯಿತು. ಆಟಗಾರನು ತನ್ನ ಕ್ರಿಯೆಗೆ ತಾನೇ ಪ್ರೇಕ್ಷಕನಾಗುವ ಕ್ಷಣವು ಉಂಟೇ, ಉಂಟಾದರೆ ಅದನ್ನು ತರುವುದು ಯಾವುದು, ಎಂಬುದೇ ಈಗ ನೋಡಬೇಕಾದುದು. ಅಭಿನವಗುಪ್ತನು ರಸಕ್ಕೆ ಏಳು ವಿಘ್ನಗಳನ್ನು ಹೇಳುವಲ್ಲಿ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನು ಒಂದೆಂದು ಎಣಿಸಿ, ಅದರ ಪರಿಹಾರಕ್ಕಾಗಿಯೇ ನಾಟ್ಯದಲ್ಲಿ ವಾದ್ಯಗಾನಾದಿಗಳ ಉಪರಂಜನವನ್ನು ಇಟ್ಟಿದೆಯೆಂದಿರುವನು. ಎಲ್ಲರಿಗೂ ಸಮಾನವಾಗಿ ಭೋಗ್ಯವಾದ ಗೀತವು ಮನಸ್ಸನ್ನು ‘ನನ್ನದು’ ಎಂಬ ಗಂಟಿನಿಂದ ಬಿಡಿಸುತ್ತದೆ. ಮನೆಯ ಚಿಂತೆಯನ್ನು ಹೊತ್ತು ಬಂದ ಪ್ರೇಕ್ಷಕನಿಗಾಗಿ ಹೇಳಿದ ಈ ಮಾತು ಗೆಲವಿನ ಚಿಂತೆಯಲ್ಲಿ ಮುಳುಗಿದ ಆಟಗಾರನಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಇದಕ್ಕೆ 2005ರ ‘ಶ್ಯಾಡೋ ಆಫ್ ದಿ ಕಲಾಸಸ್’ ಎಂಬ ಜಪಾನೀ ಆಟವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಫುಮಿತೊ ಉಎದಾ ಇದರ ನಿರ್ದೇಶಕನು. ಗೀತವು ಕೋ ಓತಾನಿಯದು. ಸತ್ತ ಕನ್ಯೆಯೊಬ್ಬಳನ್ನು ಬದುಕಿಸುವ ಆಶೆಯಿಂದ ಯುವಕನೊಬ್ಬನು ನಿಷಿದ್ಧವಾದ ನಾಡಿಗೆ ಬರುವನು. ಅಲ್ಲಿಯ ಅಶರೀರವಾಣಿಯೊಂದು, ಆ ನಾಡಿನಲ್ಲಿರುವ ಹದಿನಾರು ಮಹಾಕಾಯರನ್ನು ಕೊಂದರೆ ಅದು ಆಗಬಹುದೆನ್ನುವುದು. ಆಟವೆಂದರೆ ಈ ಹದಿನಾರು ವಧೆಗಳೇ. ನಡುವೆ ಚಿಲ್ಲರೆ ಶತ್ರುಗಳಿಲ್ಲ, ಊರಿಲ್ಲ, ಜನರಿಲ್ಲ. ವಿಶಾಲವಾದ ಆ ಬಯಲಿನಲ್ಲಿ ಕುದುರೆಯ ಮೇಲೆ ಹೋಗುವಾಗ ಗೀತವೂ ಇಲ್ಲ. ಗಾಳಿಯ ಸದ್ದು, ಗೊರಸಿನ ಸದ್ದು, ಅಷ್ಟೇ. ಇತರ ಆಟಗಳು ಕಿವಿಗೆ ಬಿಡುವನ್ನೇ ಕೊಡದಿರುವಾಗ ಇಲ್ಲಿ ಮೌನವನ್ನು ಇಟ್ಟಿರುವುದು ಗಮನಾರ್ಹ. ಮಹಾಕಾಯನು ಎದುರಾದಾಗ ಗೀತವು ಹುಟ್ಟುತ್ತದೆ. ಮೊದಲು ಅದು ಭಯಮಿಶ್ರವಾದ ವಿಸ್ಮಯದ್ದು. ಯುವಕನು ಆ ಬೆಟ್ಟದಂತಹ ದೇಹವನ್ನು ಹತ್ತಿ, ಗೆಲವು ಸಾಧ್ಯವೆಂದು ಕಾಣತೊಡಗಿದಾಗ ಗೀತವು ಉತ್ಸಾಹಕ್ಕೆ ತಿರುಗುತ್ತದೆ, ತುತೂರಿಗಳು ಮೊಳಗುತ್ತವೆ, ಆಟಗಾರನ ರಕ್ತವೂ ಅದರೊಡನೆ ಏರುತ್ತದೆ. ಇಲ್ಲಿಯವರೆಗೆ ಪೂರ್ವಪಕ್ಷದವನ ಮಾತೇ ನಿಂತಿತೆನ್ನಬಹುದು. ಕೊನೆಯ ಇರಿತವು ಬಿದ್ದು ಮಹಾಕಾಯನು ಕುಸಿಯುವಾಗ ಬರುವ ಗೀತವು ಜಯಘೋಷವಲ್ಲ. ಅದು ಶೋಕದ್ದು. ಬೀಳುತ್ತಿರುವವನಿಗಾಗಿ ಯಾರೋ ಅಳುವಂತೆ ಮಂದವಾಗಿ ಹರಿಯುತ್ತದೆ. ಬಳಿಕ ಕರಿಯ ಎಳೆಗಳು ಆ ದೇಹದಿಂದ ಹೊರಟು ಯುವಕನೊಳಗೆ ಹೊಕ್ಕು ಅವನು ಮೂರ್ಛೆಹೋಗುವನು.

ಆಟಗಾರನು ಗೆದ್ದಿರುವನು, ಗೆಲ್ಲಲೆಂದೇ ಅರ್ಧಗಳಿಗೆ ಹೋರಾಡಿರುವನು. ಆದರೆ ಗೀತವು ಅವನ ಗೆಲವಿನ ಪಕ್ಷವನ್ನು ವಹಿಸಲು ಒಪ್ಪುವುದಿಲ್ಲ. ಚಿತ್ರವು ಬಿದ್ದ ಶತ್ರುವನ್ನು ತೋರಿಸುತ್ತದೆ. ಗೀತವು ಹತನಾದ ಜೀವಿಯನ್ನು ತೋರಿಸುತ್ತದೆ. ತನ್ನ ಉತ್ಸಾಹಕ್ಕೂ ಕೇಳಿಬರುತ್ತಿರುವ ಶೋಕಕ್ಕೂ ನಡುವೆ ಬಿದ್ದ ಈ ಬಿರುಕಿನಲ್ಲಿ ಆಟಗಾರನು ತನ್ನ ಕೃತ್ಯವನ್ನು ಹೊರಗೆ ನಿಂತು ನೋಡುವವನಾಗುತ್ತಾನೆ. ಆ ಕ್ಷಣದಲ್ಲಿ ಅವನು ನಟನಲ್ಲ, ಪ್ರೇಕ್ಷಕನು. ಹರ್ಷವು ಅವನದಾಗಿದ್ದಿತು; ಕರುಣವು ಅವನೊಬ್ಬನದಲ್ಲ. ಗೀತವೊಂದನ್ನು ತೆಗೆದು ಅಲ್ಲಿ ಭೇರಿಯನ್ನಿಟ್ಟರೆ ಕಥೆಯಲ್ಲಾಗಲಿ ಚಿತ್ರದಲ್ಲಾಗಲಿ ಒಂದು ಕೂದಲೆಳೆಯೂ ಬದಲಾಗದು. ರಸವು ಮಾತ್ರ ಹಾರಿಹೋಗುವುದು. ಅನ್ವಯವ್ಯತಿರೇಕಗಳೆರಡೂ ಇಷ್ಟು ಸ್ಪಷ್ಟವಾಗಿ ದೊರೆಯುವ ಉದಾಹರಣೆಯು ನಾಟಕದಲ್ಲಿಯೂ ವಿರಳ.

ಇದಕ್ಕೆ ಮರುಪ್ರಶ್ನೆಯುಂಟು: ಗೆದ್ದ ಸಂಭ್ರಮದಲ್ಲಿ ಗೀತವನ್ನೇ ಕೇಳದವನ ಗತಿಯೇನು? ಅಂತಹವರು ಬಹುಮಂದಿ ಇರಬಹುದು. ನಾಟಕಶಾಲೆಯಲ್ಲಿಯೂ ಕಲ್ಲುಗೋಡೆಗಳಂತಹ ಪ್ರೇಕ್ಷಕರಿರುತ್ತಾರೆಂದು ಪ್ರಾಚೀನರು ಬಲ್ಲರು. ಸಹೃದಯನೆಂಬ ಅಧಿಕಾರಿಯನ್ನು ಅವರು ಬೇರೆಯಾಗಿ ಹೇಳಿದುದೇ ಅದಕ್ಕೆ.

ಗೀತವು ಆಟಗಾರನ ಕರ್ಮಕ್ಕೆ ಸಾಕ್ಷಿಯಾಗುವುದಕ್ಕೆ ಇನ್ನೊಂದು ನಿದರ್ಶನವು 2015ರ ‘ಅಂಡರ್‌ಟೇಲ್’. ಟೋಬಿ ಫಾಕ್ಸ್ ಎಂಬ ಅಮೆರಿಕನನು ಆಟವನ್ನೂ ಗೀತವನ್ನೂ ತಾನೇ ರಚಿಸಿರುವನು. ಇದರಲ್ಲಿ ಎದುರಾದವರನ್ನು ಕೊಲ್ಲಲೂಬಹುದು, ಕ್ಷಮಿಸಿ ಬಿಡಲೂಬಹುದು. ಆರಂಭದಲ್ಲಿ ಕೇಳಿದ ಸ್ವರಪ್ರಬಂಧವು ಕೊನೆಯ ಭಾಗದಲ್ಲಿ ರೂಪಾಂತರದಿಂದ ಮರಳಿಬಂದು ಹಿಂದಿನದನ್ನೆಲ್ಲ ನೆನಪಿಗೆ ತರುತ್ತದೆ. ಪಾಶ್ಚಾತ್ಯರ ಗೀತನಾಟಕಗಳಲ್ಲಿ ಇದು ಹಳೆಯ ಪದ್ಧತಿಯೇ. ಹೊಸತೆಂದರೆ ಇದು: ಆಟಗಾರನು ಒಂದು ಪ್ರದೇಶದಲ್ಲಿರುವ ಎಲ್ಲರನ್ನೂ ಹುಡುಕಿ ಹುಡುಕಿ ಕೊಂದುಮುಗಿಸಿದರೆ, ಅಲ್ಲಿಯ ಉಲ್ಲಾಸದ ಗೀತವು ಅತಿವಿಲಂಬಿತವಾಗಿ, ಸ್ವರಗಳು ಪಾತಾಳಕ್ಕಿಳಿದು, ಗುರುತೇ ಸಿಕ್ಕದ ನರಳುವಿಕೆಯಾಗುತ್ತದೆ. ಯಾರೂ ಬಂದು ನಿಂದಿಸುವುದಿಲ್ಲ. ನಿಂದಿಸಲು ಅಲ್ಲಿ ಯಾರೂ ಉಳಿದಿಲ್ಲ. ಗೀತವೊಂದೇ ಹೇಳಬೇಕಾದುದನ್ನು ಹೇಳುತ್ತದೆ. ಇದನ್ನು ವಸ್ತುಧ್ವನಿಯೆನ್ನಬೇಕೋ ರಸಧ್ವನಿಯೆನ್ನಬೇಕೋ ಎಂಬಲ್ಲಿ ಮತಭೇದಕ್ಕೆ ಅವಕಾಶವುಂಟು. ಊರು ಬರಿದಾಯಿತೆಂಬ ವಸ್ತುವೂ, ಬೀಭತ್ಸದ ಕಡೆಗೆ ವಾಲುವ ಜುಗುಪ್ಸೆಯೂ ಒಟ್ಟಿಗೆ ತೋರುವುದರಿಂದ ಸಂಕರವೆಂದರೆ ಹೆಚ್ಚು ಸರಿಹೋದೀತು.

ಇನ್ನು ಈ ಗೀತಗಳಿಗೆ ದೊರೆತ ಮನ್ನಣೆಯ ವಿಚಾರ. 2005ರ ‘ಸಿವಿಲೈಸೇಶನ್’ ನಾಲ್ಕನೆಯ ಆಟಕ್ಕಾಗಿ ಕ್ರಿಸ್ಟೊಫರ್ ಟಿನ್ ರಚಿಸಿದ ‘ಬಾಬಾ ಯೇತು’ ಎಂಬ ಸ್ವಾಹಿಲಿ ಭಾಷೆಯ ಗೀತಕ್ಕೆ 2011ರಲ್ಲಿ ಗ್ರ್ಯಾಮಿ ಬಹುಮಾನವು ಬಂದಿತು. ಆಸ್ಟಿನ್ ವಿಂಟರಿಯು 2012ರ ‘ಜರ್ನಿ’ ಆಟಕ್ಕೆ ರಚಿಸಿದ ಸಂಗೀತವು ಮರುವರ್ಷದ ಅದೇ ಬಹುಮಾನಕ್ಕೆ ಸೂಚಿತವಾಯಿತು. 2023ರಿಂದ ಆಟಗಳ ಸಂಗೀತಕ್ಕೆ ಬೇರೆ ವರ್ಗವನ್ನೇ ಏರ್ಪಡಿಸಿದ್ದಾರೆ. ಅದನ್ನು ಮೊದಲು ಪಡೆದವಳು ಸ್ಟೆಫನಿ ಇಕಾನಮು. ಇದೆಲ್ಲವೂ ಸಂತೋಷದ ವಿಷಯವೇ. ಆದರೆ ‘ಬಾಬಾ ಯೇತು’ ಆಟವು ಆರಂಭವಾಗುವ ಮೊದಲಿನ ಪಟ್ಟಿಯ ತೆರೆಯಲ್ಲಿ ಕೇಳಿಬರುವ ಗೀತ. ಅಂದರೆ ಅದು ಪೂರ್ವರಂಗಕ್ಕೆ ಸೇರಿದುದು. ಆಟಗಾರನ ಕ್ರಿಯೆಗೂ ಅದಕ್ಕೂ ಸಂಬಂಧವಿಲ್ಲ. ಸ್ವತಂತ್ರವಾಗಿ ಸುಂದರವಾದ ಗೀತವನ್ನು ಮೆಚ್ಚುವುದು ಸುಲಭ. ಮಾರಿಯೊವಿನ ಎಚ್ಚರಿಕೆಯ ಸ್ವರಗಳಿಗೋ ಮಹಾಕಾಯರ ಬಯಲಿನ ಮೌನಕ್ಕೋ ಬಹುಮಾನವನ್ನು ಕೊಡುವ ಬಗೆ ಹೇಗೆ? ಸಭಾಂಗಣಗಳಲ್ಲಿ ದೊಡ್ಡ ವಾದ್ಯಮೇಳಗಳು ಆಟದ ಗೀತಗಳನ್ನು ನುಡಿಸುವ ಪದ್ಧತಿಯು 1987ರಲ್ಲಿ ಕೊಯಿಚಿ ಸುಗಿಯಾಮಾನ ‘ಡ್ರ್ಯಾಗನ್ ಕ್ವೆಸ್ಟ್’ ಗೀತಗಳ ಕಚೇರಿಯಿಂದ ಜಪಾನಿನಲ್ಲಿ ಬೆಳೆದುಬಂದಿದೆ. ಅಲ್ಲಿ ಕೇಳುವವರು ಬಹುಮಟ್ಟಿಗೆ ಆ ಆಟಗಳನ್ನು ಆಡಿದವರೇ. ಅವರ ಕಣ್ಣು ತೇವವಾಗುವುದು ಕೇಳಿದ ಸ್ವರದಿಂದಲೋ ನೆನಪಾದ ಆಟದಿಂದಲೋ ಎಂಬುದನ್ನು ಬೇರ್ಪಡಿಸುವುದು ಕಷ್ಟ. ಇನ್ನೊಂದು ಕಡೆ, ಮೊದಲಿನಿಂದ ಕೊನೆಯವರೆಗೂ ನೂರು ವಾದ್ಯಗಳಿಂದ ಅಬ್ಬರಿಸುವ ಆಟಗಳಿಗೂ ಇಂದು ಕೊರತೆಯಿಲ್ಲ. ಎಲ್ಲ ಗಳಿಗೆಯೂ ಮಹತ್ತಾದ ಗಳಿಗೆಯೆಂದು ಸಾರುವ ಗೀತವು ಯಾವ ಗಳಿಗೆಯನ್ನೂ ಮಹತ್ತಾಗಿಸದು. ಐದು ಸ್ವರಮಾರ್ಗಗಳ ಬಡತನವು ಕೊಂಡೊವಿಗೆ ಕಲಿಸಿದ ಮಿತವನ್ನು ಐಶ್ವರ್ಯವು ಮರೆಸಿಬಿಟ್ಟಿತು.

ಇವುಗಳನ್ನು ಪಾಠಮಾಡಬಯಸುವ ಅಧ್ಯಾಪಕರಿಗೆ ಎದುರಾಗುವ ಮೊದಲ ತೊಡಕು ಪಾಠನಿರ್ಣಯದ್ದು. ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದ ಗೀತಗಳು ಕೆಲವು ಪ್ರತಿಗಳಲ್ಲಿವೆ, ಕೆಲವುಗಳಲ್ಲಿಲ್ಲ. ಅದರ ಚರ್ಚೆಯು ಇಂದಿಗೂ ತೀರಿಲ್ಲ. ಇಲ್ಲಿಯಾದರೋ ಪ್ರತಿಯೊಬ್ಬ ಆಟಗಾರನ ಪ್ರತಿಯೂ ಬೇರೆ. ಮುದ್ರಿಸಿ ಮಾರುವ ಗೀತಸಂಪುಟದಲ್ಲಿ ಸ್ವರಗಳಿರುತ್ತವೆ. ಯಾವ ಹೆಜ್ಜೆಗೆ ಯಾವ ಸ್ವರವು ಹೊರಳಿತೆಂಬುದಿರುವುದಿಲ್ಲ. ಒಬ್ಬನು ಆಡಿದುದನ್ನು ಚಿತ್ರಸಹಿತವಾಗಿ ಮುದ್ರಿಸಿಟ್ಟರೆ ಅದು ಒಂದು ಹಸ್ತಪ್ರತಿಗೆ ಸಮಾನವಾದೀತೇ ಹೊರತು ಮೂಲಪಾಠವಾಗದು. ‘ಅಂಡರ್‌ಟೇಲ್’ ಆಟದಲ್ಲಿ ಎಲ್ಲರನ್ನೂ ಕ್ಷಮಿಸುತ್ತ ಹೋದವನಿಗೆ ಆ ನರಳುವ ಗೀತವು ಒಮ್ಮೆಯೂ ಕೇಳಿಬರುವುದಿಲ್ಲ. ಅದರ ಪಾಠವು ಅವನ ಯಂತ್ರದಲ್ಲಿಯೇ ಅಡಗಿರುತ್ತದೆ, ಆದರೆ ಅವನು ಓದಿದ ಗ್ರಂಥದಲ್ಲಿ ಆ ಪುಟವಿಲ್ಲ.